ಉಳಿದುಹೋದ 35 ಗುಂಡಿಗಳು

ಜೂನ್ ಕೊನೆಯ ವಾರ 450 ರೊಬಸ್ಟಾ ಕಾಫಿ ಗಿಡ ತಂದು ನೆಟ್ಟೆ. ಗಿಡ ಮುಗಿಯಿತು, ಗುಂಡಿ ಮುಗಿಯಲಿಲ್ಲ. ಮೇಲಿನ ಬೇಲಿ ಕಡೆ 35 ಗುಂಡಿ ಹಾಗೇ ಉಳಿದವು. ಆಮೇಲೆ ಮಳೆ ಹಿಡಿಯಿತು. ಗುಂಡಿಗಳಲ್ಲಿ ನೀರು ನಿಂತಿತು.

ನನ್ನ ಜಾಗ ಇರುವುದು ಕೊಡಗಿನಲ್ಲಿ, ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ, ಒಂದು ಗುಡ್ಡದ ಬದಿಯಲ್ಲಿ. ಪಹಣಿಯ ಪ್ರಕಾರ ಸರಿಯಾಗಿ ಒಂದು ಎಕರೆ. ಹಳೇ ಗಿಡ ಕಿತ್ತು ಹೊಸದಾಗಿ ನೆಡುವ ಕೆಲಸ. ಹತ್ತು ಅಡಿಗೊಂದು ಗಿಡ, ಹತ್ತು ಅಡಿಗೊಂದು ಸಾಲು. ಅಂದರೆ ಒಂದು ಗಿಡಕ್ಕೆ 100 ಚದರ ಅಡಿ. ಒಂದು ಎಕರೆಗೆ 43,560 ಚದರ ಅಡಿ. ಭಾಗಿಸಿದರೆ 435 ಗಿಡ. ಒಂದೆರಡು ಸತ್ತರೆ ಇರಲಿ ಅಂತ 15 ಜಾಸ್ತಿ ಹೇಳಿದ್ದೆ.

31 ವರ್ಷ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದವನು ನಾನು. ಇಂಥ ಲೆಕ್ಕ ಎಷ್ಟು ಮಾಡಿದ್ದೇನೋ. ಹಾಗಾಗಿ ಮೊದಲು ಬಂದ ಯೋಚನೆ, ನರ್ಸರಿಯವರು ಎಣಿಸುವಾಗ ಕಮ್ಮಿ ಹಾಕಿರಬೇಕು ಅಂತ. ಫೋನ್ ಕೈಗೆತ್ತಿಕೊಂಡೆ. ನಂಬರು ಒತ್ತುವ ಮೊದಲೇ ಕೆಳಗಿಟ್ಟೆ. ಯಾಕೆ ಇಟ್ಟೆ ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ, ಮುಂದೆ ಹೇಳುತ್ತೇನೆ.

ನಿವೃತ್ತಿ ಆದ ಮೇಲೆ ಸಂಜೆ ಹೊತ್ತು ನಮ್ಮ ಮನೆಗೆ ಮೂರು ಮಕ್ಕಳು ಬರುತ್ತಾರೆ. ಪಕ್ಕದ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳ ಮಕ್ಕಳು. ಆರನೇ ಕ್ಲಾಸಿನ ಹುಡುಗ, ಎಂಟನೇ ಕ್ಲಾಸಿನ ಹುಡುಗ, ಹತ್ತನೇ ಕ್ಲಾಸಿನ ಹುಡುಗಿ. ನನ್ನನ್ನು ಅಜ್ಜ ಅಂತಾರೆ. ಗಣಿತ ಮಾತ್ರ ಹೇಳಿಕೊಡುತ್ತೇನೆ. ಜುಲೈ ತಿಂಗಳಲ್ಲಿ ಮಳೆಗೆ ರಜೆ ಕೊಟ್ಟ ದಿನ ಬೆಳಿಗ್ಗೆಯೇ ಬಂದುಬಿಡುತ್ತಾರೆ. ಕರೆಂಟ್ ಇರುವುದಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲದ ಕಾಫಿ ಕುಡಿದು, ಲೆಕ್ಕಕ್ಕೆ ಕೂರುತ್ತೇವೆ. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನಾನು ಕಿರುಚಿಯೇ ಪಾಠ ಮಾಡಬೇಕು.

ಅವರಿಗೆ ನಾನು ಹಾಕಿರುವ ನಿಯಮ ಒಂದೇ. ಪೆನ್ಸಿಲ್ ಹಿಡಿಯುವ ಮೊದಲು ಅಂದಾಜು ಹೇಳಬೇಕು. ಉತ್ತರ ಹತ್ತರ ಒಳಗೆ ಬರುತ್ತದಾ, ನೂರು ದಾಟುತ್ತದಾ, ಅರ್ಧಕ್ಕಿಂತ ಜಾಸ್ತಿಯಾ ಕಮ್ಮಿಯಾ. ಇದು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಕೊಯ್ಲಿನ ಕಾಲದಲ್ಲಿ ಕಲಿತದ್ದು. ಸಂಜೆ ತೂಕ ಹಾಕಿ, ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆದು, ಕೊನೆಗೆ ಕೂಡಬೇಕು. ಕೂಡುವ ಮೊದಲೇ ನನ್ನ ತಲೆಯಲ್ಲಿ ಒಂದು ಸಂಖ್ಯೆ ಇರುತ್ತಿತ್ತು. 42 ಆಳು, ತಲೆಗೆ ಸುಮಾರು 100 ಕೆಜಿ, ಹಾಗಾದರೆ 4200ರ ಹತ್ತಿರ ಬರಬೇಕು. ಕೂಡಿದಾಗ 3200 ಬಂದರೆ ಎಲ್ಲೋ ದಶಕ ಒಯ್ಯುವುದು ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಅದನ್ನು ಹಿಡಿಯದಿದ್ದರೆ ಯಾರದ್ದೋ ಒಂದು ದಿನದ ದುಡಿಮೆ ನನ್ನ ಪುಸ್ತಕದಲ್ಲಿ ಕಾಣೆಯಾಗುತ್ತಿತ್ತು.

ಆರನೇ ಕ್ಲಾಸಿನವನ ನೋಟ್ ಪುಸ್ತಕದಲ್ಲಿ ಮೊನ್ನೆ ಹೀಗೆ ಬರೆದಿತ್ತು: 1/2 + 1/3 = 2/5.

"ಅರ್ಧ ರೊಟ್ಟಿ ತಿಂದೆ. ಆಮೇಲೆ ಇನ್ನೂ ಸ್ವಲ್ಪ ತಿಂದೆ. ಒಟ್ಟು ಅರ್ಧಕ್ಕಿಂತ ಜಾಸ್ತಿ ತಿಂದೆಯೋ ಕಮ್ಮಿಯೋ?"

"ಜಾಸ್ತಿ ಅಜ್ಜ."

"ಐದರಲ್ಲಿ ಎರಡು ಅಂದರೆ?"

ಅವನು ಬೆರಳು ನೋಡಿಕೊಂಡ. ಐದು ಬೆರಳಿನಲ್ಲಿ ಎರಡು ಮಡಚಿದ. ಅರ್ಧಕ್ಕಿಂತ ಕಮ್ಮಿ. ಮುಖ ಸಣ್ಣದಾಯಿತು.

ಆದರೆ ಅವನಿಗೆ ಆ ದಾರಿ ಯಾಕೆ ಸರಿ ಅನ್ನಿಸಿತು ಅನ್ನುವುದು ನನಗೆ ಮುಖ್ಯ. ಕೇಳಿದೆ. ಟೆಸ್ಟಿನ ಅಂಕ ಹಾಗೇ ಕೂಡುತ್ತಾರಲ್ಲ ಅಂದ. ಒಂದು ಟೆಸ್ಟಿನಲ್ಲಿ 20ಕ್ಕೆ 15, ಇನ್ನೊಂದರಲ್ಲಿ 25ಕ್ಕೆ 18, ಒಟ್ಟು 45ಕ್ಕೆ 33. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ನಿಜ ಅಲ್ವಾ! ಹಾಕಿಯಲ್ಲೂ ಹಾಗೇ. ಮೊದಲ ಮ್ಯಾಚಿನಲ್ಲಿ 2 ಪೆನಾಲ್ಟಿ ಕಾರ್ನರ್ ಸಿಕ್ಕಿ 1 ಗೋಲಾಯಿತು, ಎರಡನೇ ಮ್ಯಾಚಿನಲ್ಲಿ 3 ಸಿಕ್ಕಿ 1 ಗೋಲಾಯಿತು. ಒಟ್ಟು 5ರಲ್ಲಿ 2. ಇದು ಸರಿಯಾದ ಲೆಕ್ಕವೇ. ಆದರೆ ಇದು ಬೇರೆ ಪ್ರಶ್ನೆಯ ಉತ್ತರ. ಇಲ್ಲಿ ಎರಡು ಬೇರೆ ಗುಂಪುಗಳನ್ನು ಒಟ್ಟುಗೂಡಿಸಿ, ದೊಡ್ಡ ಗುಂಪಿನಲ್ಲಿ ಎಷ್ಟು ಅಂತ ಕೇಳುತ್ತಿದ್ದೇವೆ. ರೊಟ್ಟಿಯ ಲೆಕ್ಕದಲ್ಲಿ ಎರಡೂ ತುಂಡು ಒಂದೇ ಅಳತೆಯ ರೊಟ್ಟಿಯದ್ದು. ಹುಡುಗ ದಡ್ಡತನದಿಂದ ತಪ್ಪು ಮಾಡಿರಲಿಲ್ಲ. ಒಂದು ಕಡೆ ಸರಿಯಾದದ್ದನ್ನು ಇನ್ನೊಂದು ಕಡೆಗೆ ಒಯ್ದಿದ್ದ. ಇದನ್ನು ಅವನಿಗೆ ಬಿಡಿಸಿ ಹೇಳಿದಾಗ ಅವನ ಬೆನ್ನು ನೆಟ್ಟಗಾಯಿತು.

ಭಿನ್ನರಾಶಿಗೆ ನಮ್ಮ ಕನ್ನಡದಲ್ಲೇ ಒಳ್ಳೆಯ ದಾರಿ ಇದೆ. ಮುಕ್ಕಾಲು ಅನ್ನುವ ಮಾತು ನೋಡಿ. ಮೂರು ಕಾಲು, ಅಷ್ಟೇ. ಕಾಲು ಅನ್ನುವುದು ವಸ್ತುವಿನ ಹೆಸರು, ಮೂರು ಅನ್ನುವುದು ಎಣಿಕೆ. ಛೇದ ಹೆಸರು ಹೇಳುತ್ತದೆ, ಅಂಶ ಎಷ್ಟು ಅಂತ ಹೇಳುತ್ತದೆ. ಮೂರು ಕಿತ್ತಳೆಗೆ ಎರಡು ಕಿತ್ತಳೆ ಕೂಡಿದರೆ ಐದು ಕಿತ್ತಳೆ. ಮೂರು ಕಾಲಿಗೆ ಎರಡು ಕಾಲು ಕೂಡಿದರೆ ಐದು ಕಾಲು. ಕೆಳಗಿನ ನಾಲ್ಕು ಯಾಕೆ ಎಂಟಾಗುವುದಿಲ್ಲ ಅಂತ ಈಗ ಕಾಣುತ್ತದೆ. ಹೆಸರನ್ನು ಹೆಸರಿಗೆ ಕೂಡುವುದಿಲ್ಲ. ಒಂದು ಅರ್ಧ ಮತ್ತು ಒಂದು ಮೂರನೇ ಭಾಗಕ್ಕೆ ಹೆಸರು ಬೇರೆ ಬೇರೆ. ಎರಡನ್ನೂ ಆರನೇ ಭಾಗ ಮಾಡಿಕೊಂಡರೆ ಹೆಸರು ಒಂದಾಯಿತು. ಮೂರು ಆರನೇ ಭಾಗ, ಎರಡು ಆರನೇ ಭಾಗ, ಒಟ್ಟು ಐದು ಆರನೇ ಭಾಗ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯುವುದು ಇದಕ್ಕೇ.

ನನ್ನ ಅಪ್ಪ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಹೇಳುತ್ತಿದ್ದರು. ಅರೆಕಾಲು ಅಂದರೆ 1/8, ವೀಸ ಅಂದರೆ 1/16. ಅವರಿಗೆ ಭಿನ್ನರಾಶಿ ಅನ್ನುವ ಶಬ್ದವೇ ಗೊತ್ತಿರಲಿಲ್ಲ, ಭಿನ್ನರಾಶಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಛೇದಗಳನ್ನು ಒಂದು ಮಾಡಲು ಲಸಾಅ ಬಳಸುವ ನಿಯಮವನ್ನು 9ನೇ ಶತಮಾನದಲ್ಲೇ ಮಹಾವೀರಾಚಾರ್ಯರು ಬರೆದಿಟ್ಟಿದ್ದಾರೆ. ಅಮೋಘವರ್ಷ ನೃಪತುಂಗನ ಕಾಲದವರು, ನಮ್ಮ ನಾಡಿನವರೇ. ಇದನ್ನು ಹೇಳಿದಾಗ ಹುಡುಗ, "ಹಾಗಾದರೆ ಇದು ನಮ್ಮ ಲೆಕ್ಕವಾ ಅಜ್ಜ?" ಅಂತ ಕೇಳಿದ. ಹೌದು ಮಗ, ನಮ್ಮದೇ.

ಎಂಟನೇ ಕ್ಲಾಸಿನವನ ತೊಂದರೆ ಬೇರೆ. ಅವನಿಗೆ ಪಕ್ಷಾಂತರ ಅನ್ನುವ ಒಂದು ಶಬ್ದ ಸಿಕ್ಕಿದೆ. x + 7 = 15 ಆದರೆ 7 ಆ ಕಡೆ ಹೋಗಿ ಮೈನಸ್ ಆಗುತ್ತದೆ, x = 8. ಸರಿ. 3x = 15 ಕೊಟ್ಟೆ. ಮೂರನ್ನೂ ಆ ಕಡೆ ಕಳಿಸಿ ಮೈನಸ್ ಮಾಡಿ x = 12 ಅಂದ. ಹನ್ನೆರಡನ್ನು ಮೂರು ಸಲ ಕೂಡಿದರೆ 36. ಅಂದಾಜು ಹೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ ಅಂತ ಅವನಿಗೆ ತಕ್ಕಡಿ ತೋರಿಸಿದೆ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆಯುತ್ತೇವೆ, ಇಲ್ಲ ಎರಡೂ ತಟ್ಟೆಯಲ್ಲಿ ಇರುವುದನ್ನು ಒಂದೇ ಥರ ಪಾಲು ಮಾಡುತ್ತೇವೆ. ಪಕ್ಷಾಂತರ ಅನ್ನುವುದು ಆ ಕೆಲಸಕ್ಕೆ ಇಟ್ಟ ಅಡ್ಡಹೆಸರು ಮಾತ್ರ.

ಆಮೇಲೆ ಅವನಿಗೆ ಕಣದ ಲೆಕ್ಕ ಕೊಟ್ಟೆ. 100 ಕೆಜಿ ಕಾಫಿ ಇದೆ. ಅದರಲ್ಲಿ ಶೇಕಡ 20 ತೇವಾಂಶ. ಬಿಸಿಲಿಗೆ ಹಾಕಿ ತೇವಾಂಶ ಶೇಕಡ 11ಕ್ಕೆ ಇಳಿಸಿದರೆ ತೂಕ ಎಷ್ಟು ಉಳಿಯುತ್ತದೆ?

"20ರಲ್ಲಿ 11 ಹೋದರೆ 9. ನೂರರಲ್ಲಿ 9 ಹೋದರೆ 91 ಕೆಜಿ."

ತಕ್ಷಣ ಬಂದ ಉತ್ತರ. ನನಗೆ ಎದೆಯಲ್ಲಿ ಒಂದು ನೋವು ಮಿಸುಕಿತು. ಯಾಕೆಂದರೆ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಇದೇ ಉತ್ತರ ಕೊಟ್ಟಿದ್ದೆ.

ಆಗ ಕಣದಲ್ಲಿ 5000 ಕೆಜಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ, ಇತ್ತು. ಒಣಗಿದ ಮೇಲೆ ಎಷ್ಟು ಮೂಟೆ ಆಗಬಹುದು ಅಂತ ಮಾಲೀಕರು ಕೇಳಿದರು. ಮೇಲಿನ ಥರವೇ ಲೆಕ್ಕ ಹಾಕಿ 4550 ಕೆಜಿ, 50 ಕೆಜಿಯ 91 ಮೂಟೆ ಅಂದೆ. ಒಣಗಿಸಿ ತುಂಬಿಸಿದಾಗ 90ನೇ ಮೂಟೆಯೇ ಪೂರ್ತಿ ತುಂಬಲಿಲ್ಲ. ಒಂದು ಮೂಟೆಗಿಂತ ಜಾಸ್ತಿಯೇ ಕೊರತೆ. ರಾತ್ರಿ ಕಣ ಕಾಯುತ್ತಿದ್ದ ಒಬ್ಬ ವಯಸ್ಸಾದವರ ಮೇಲೆ ಎಲ್ಲರ ಕಣ್ಣು ಬಿತ್ತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮರುದಿನದಿಂದ ಅವರನ್ನು ಕಣಕ್ಕೆ ಕಳಿಸಲಿಲ್ಲ, ಅಷ್ಟೇ. ನನ್ನ ಲೆಕ್ಕವೇ ತಪ್ಪು ಅಂತ ನನಗೆ ಗೊತ್ತಾಗಿದ್ದು ಎರಡು ವಾರದ ಮೇಲೆ. ಮಾಲೀಕರಿಗೆ ಹೇಳಿದೆ, ಅವರ ಮನೆಗೆ ಹೋಗಿ ಅವರಿಗೂ ಹೇಳಿದೆ. ಅವರು ಮಾತಾಡಲಿಲ್ಲ, ಒಳಗೆ ಕರೆದು ಕಾಫಿ ಕೊಟ್ಟರು. ಮತ್ತೆ ಕಣದ ಕೆಲಸಕ್ಕೆ ಬಂದರು. ಆದರೆ ಆ ಎರಡು ವಾರವನ್ನು ನಾನು ಅವರಿಗೆ ವಾಪಸ್ ಕೊಡಲು ಆಗಲಿಲ್ಲ. ನರ್ಸರಿಗೆ ಫೋನ್ ಮಾಡಲು ಹೋದ ಕೈ ಹಿಂದೆ ಬಂದಿದ್ದು ಇದಕ್ಕೇ.

ಸರಿಯಾದ ಲೆಕ್ಕ ಹೀಗೆ. 100 ಕೆಜಿಯಲ್ಲಿ 20 ಕೆಜಿ ನೀರು, 80 ಕೆಜಿ ನಿಜವಾದ ಕಾಫಿ. ಬಿಸಿಲಿಗೆ ಹೋಗುವುದು ನೀರು ಮಾತ್ರ. ಆ 80 ಕೆಜಿ ಅಲುಗುವುದಿಲ್ಲ. ಒಣಗಿದ ಮೇಲಿನ ತೂಕ x ಅನ್ನೋಣ. ಅದರಲ್ಲಿ ಶೇಕಡ 11 ನೀರು ಅಂದರೆ ಶೇಕಡ 89 ಕಾಫಿ. ಹಾಗಾಗಿ x ನ ಶೇಕಡ 89 ಅನ್ನುವುದು 80ಕ್ಕೆ ಸಮ. 8000ವನ್ನು 89ರಿಂದ ಭಾಗಿಸಿದರೆ 89.9 ಕೆಜಿ ಹತ್ತಿರ.

ಹುಡುಗ ಒಪ್ಪಲಿಲ್ಲ. 91 ಯಾಕೆ ತಪ್ಪು ಅಂತ ಹಟ ಹಿಡಿದ. ನನಗೆ ಇದು ಇಷ್ಟ. ಸುಮ್ನೆ ತಲೆಯಾಡಿಸುವ ಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ. ಅವನ ಉತ್ತರವನ್ನೇ ಅವನ ಕೈಯಲ್ಲಿ ಪರೀಕ್ಷೆ ಮಾಡಿಸಿದೆ. 91 ಕೆಜಿಯಲ್ಲಿ 80 ಕಾಫಿ ಹೋದರೆ 11 ಕೆಜಿ ನೀರು. 91ರಲ್ಲಿ 11 ಅಂದರೆ ಶೇಕಡ 12ಕ್ಕೂ ಜಾಸ್ತಿ. ಕಾಫಿ ಇನ್ನೂ ಒಣಗಿಲ್ಲ! 11 ಕೆಜಿ ಬೇರೆ, ಶೇಕಡ 11 ಬೇರೆ. ತೂಕ ಇಳಿಯುತ್ತಾ ಹೋದಂತೆ ಆ ನೂರೂ ಇಳಿಯುತ್ತಾ ಹೋಗುತ್ತದೆ. ಇದನ್ನು ಅವನು ತನ್ನ ಮಾತಿನಲ್ಲಿ ಹೇಳುವ ತನಕ ನಾವು ಮುಂದಕ್ಕೆ ಹೋಗಲಿಲ್ಲ. ಸುಮಾರು ಮುಕ್ಕಾಲು ಗಂಟೆ ಆಯಿತು.

ಮೂವರಿಗೂ ಒಟ್ಟಿಗೆ ಖುಷಿ ಕೊಟ್ಟಿದ್ದು ಮಳೆಮಾಪಕ. ನಮ್ಮಲ್ಲಿ ತೋಟದವರೆಲ್ಲ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತೇವೆ. 2 ಇಂಚು 30 ಸೆಂಟ್ ಅಂದರೆ 2.30 ಇಂಚು. ದಶಮಾಂಶ ಕಲಿಸಲು ಇದಕ್ಕಿಂತ ಬೇರೆ ಬೇಡ. ನನ್ನ ಮಳೆಮಾಪಕದ ಬಾಯಿ 5 ಇಂಚು ಅಗಲ. ಅದರ ಪಕ್ಕದಲ್ಲಿ 10 ಇಂಚು ಬಾಯಿಯ, ಬದಿ ನೆಟ್ಟಗಿರುವ ಒಂದು ತಗಡಿನ ಡಬ್ಬ ಇಟ್ಟೆವು. ಬೆಳಿಗ್ಗೆ ಯಾವುದರಲ್ಲಿ ಜಾಸ್ತಿ ಇಂಚು ಮಳೆ ಇರುತ್ತದೆ?

ಸಣ್ಣವನು ಡಬ್ಬ ಅಂದ, ಬಾಯಿ ದೊಡ್ಡದು. ಎಂಟನೇ ಕ್ಲಾಸಿನವನು ಮಳೆಮಾಪಕ ಅಂದ, ಡಬ್ಬದಲ್ಲಿ ನೀರು ಹರಡಿಬಿಡುತ್ತದೆ. ದೊಡ್ಡವಳು ಎರಡೂ ಸಮ ಅಂದಳು. ಪುಷ್ಯ ಮಳೆ ರಾತ್ರಿಯಿಡೀ ಸುರಿಯಿತು. ಮರುದಿನ ರಜೆ. ಎಂಟು ಗಂಟೆಗೆ ಕೊಡೆ ಹಿಡಿದು ನಾಲ್ಕೂ ಜನ ಅಂಗಳದಲ್ಲಿ ನಿಂತಿದ್ದೆವು. ಮಳೆಮಾಪಕದಲ್ಲಿ 2 ಇಂಚು 30 ಸೆಂಟ್. ಡಬ್ಬಕ್ಕೆ ಸ್ಕೇಲು ಇಳಿಸಿದರೆ ಎರಡೂಕಾಲು ಇಂಚಿಗಿಂತ ಚೂರು ಮೇಲೆ. ಸಮವೇ!

ಆಮೇಲೆ ನೀರನ್ನು ಲೀಟರಿನಲ್ಲಿ ಅಳೆದೆವು. ಮಳೆಮಾಪಕದ್ದು ಮುಕ್ಕಾಲು ಲೀಟರ್ ಹತ್ತಿರ. ಡಬ್ಬದ್ದು ಮೂರು ಲೀಟರ್ ಹತ್ತಿರ. ಬಾಯಿ ಎರಡು ಪಟ್ಟು, ನೀರು ನಾಲ್ಕು ಪಟ್ಟು. ವೃತ್ತದ ವಿಸ್ತೀರ್ಣ πr² ಅಂತ ದೊಡ್ಡವಳು ನೂರು ಸಲ ಬರೆದಿದ್ದಾಳೆ. ಆ ಮೇಲಿನ ಪುಟ್ಟ ಎರಡು ಏನು ಮಾಡುತ್ತದೆ ಅಂತ ಆ ದಿನ ಕಣ್ಣಾರೆ ನೋಡಿದಳು. ಬಿದ್ದ ನೀರು ನಾಲ್ಕು ಪಟ್ಟು, ಅದನ್ನು ಹಿಡಿದ ತಳವೂ ನಾಲ್ಕು ಪಟ್ಟು, ಅದಕ್ಕೇ ಆಳ ಮಾತ್ರ ಒಂದೇ. ಮಳೆಯನ್ನು ಇಂಚಿನಲ್ಲಿ ಹೇಳುವುದು ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಅಂಗಳವಿರಲಿ, ಎಕರೆ ಇರಲಿ, ಇಂಚು ಬದಲಾಗುವುದಿಲ್ಲ.

ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ಲೀಟರ್? ಅಂದಾಜು ಹೇಳಿ ಅಂದೆ. ಒಬ್ಬ ಸಾವಿರ ಅಂದ, ಒಬ್ಬ ಹತ್ತು ಸಾವಿರ ಅಂದ. 43,560ವನ್ನು 12ರಿಂದ ಭಾಗಿಸಿದರೆ 3630 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಗುಣಿಸಿದರೆ ಒಂದು ಲಕ್ಷ ಲೀಟರ್ ದಾಟುತ್ತದೆ. 5000 ಲೀಟರಿನ ಟ್ಯಾಂಕರ್ ಆದರೆ 20 ಲೋಡ್. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಓಡಿಸುತ್ತಾರಲ್ಲ, ಆಗ ಕೆರೆ ಯಾಕೆ ಅಷ್ಟು ಬೇಗ ತಳ ಕಾಣುತ್ತದೆ ಅಂತ ಮಕ್ಕಳಿಗೆ ಆ ದಿನ ತಿಳಿಯಿತು.

ಈಗ ಗುಂಡಿಯ ವಿಷಯ. ದೊಡ್ಡವಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಗಣಿತದ 80 ಅಂಕದ ಪೇಪರಿನ ಭಯ ಈಗಲೇ ಹಿಡಿದಿದೆ. ಪೈಥಾಗೊರಸ್ ಪ್ರಮೇಯ ಬಾಯಿಪಾಠ ಇದೆ, ಎಲ್ಲಿ ಬಳಸಬೇಕು ಅಂತ ಕಾಣುವುದಿಲ್ಲ. ಒಂದು ಸಂಜೆ ಅವಳಿಗೆ ನನ್ನ 435ರ ಲೆಕ್ಕ ಹೇಳಿದೆ. ಅವಳು ಮೊದಲು ಗಮನಿಸಿದ್ದು ಬೇರೆಯೇ.

"ಅಜ್ಜ, ಒಂದು ಸೆಂಟ್ ಜಾಗ ಅಂದರೆ 435.6 ಚದರ ಅಡಿ ಅಂತ ಅವತ್ತು ಹೇಳಿದ್ರಿ. ಗಿಡವೂ 435. ಅದು ಹೇಗೆ?"

ಇಷ್ಟು ವರ್ಷ ಎರಡೂ ಸಂಖ್ಯೆ ನನ್ನ ಕೈಯಲ್ಲೇ ಓಡಾಡಿವೆ. ನಾನು ಗಮನಿಸಿರಲಿಲ್ಲ. ಎಕರೆಯನ್ನು ನೂರು ಪಾಲು ಮಾಡಿದರೆ ಸೆಂಟ್. ಎಕರೆಯನ್ನು ನೂರು ಚದರ ಅಡಿಯ ತುಂಡು ಮಾಡಿದರೆ ಗಿಡದ ಎಣಿಕೆ. ಎರಡೂ ಕಡೆ 43,560ವನ್ನು ನೂರರಿಂದಲೇ ಭಾಗಿಸಿದ್ದು! ಅವಳೇ ಅದನ್ನು ಬಿಡಿಸಿದಳು.

ಆಮೇಲೆ ಕೇಳಿದಳು, "ನೆಟ್ಟ ಗಿಡ ಎಣಿಸಿದ್ರಾ?"

ಎಣಿಸಿರಲಿಲ್ಲ. ಆ ಭಾನುವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಜಿಗಣೆಗೆ ಕಾಲಿಗೆ ಸುಣ್ಣ ಹಚ್ಚಿಕೊಂಡು ಮೇಲೆ ಹೋದೆವು. ಇಬ್ಬರು ಬೇರೆ ಬೇರೆಯಾಗಿ ಎಣಿಸಿದರು. ಇಬ್ಬರಿಗೂ 450 ಬಂತು. ನರ್ಸರಿಯವರು ಒಂದು ಗಿಡವನ್ನೂ ಕಮ್ಮಿ ಕೊಟ್ಟಿರಲಿಲ್ಲ.

ಹಾಗಾದರೆ ಒಂದು ಎಕರೆಯಲ್ಲಿ 485 ಗುಂಡಿ ಹೇಗೆ ಬಂದವು? ದೊಡ್ಡವಳು ಇಳಿಜಾರಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. "ಹಗ್ಗ ಹೇಗೆ ಹಿಡಿದಿದ್ರಿ ಅಜ್ಜ? ನೆಲಕ್ಕೆ ತಾಗಿಸಿಯಾ?"

ಹೌದು. ಸಾಲಿನಿಂದ ಸಾಲಿಗೆ ಹತ್ತು ಅಡಿಯ ಹಗ್ಗವನ್ನು ಗುಡ್ಡದ ಮೈಮೇಲೆಯೇ ಹಿಡಿದಿದ್ದೆವು. ಪಹಣಿಯ ಎಕರೆ ಗುಡ್ಡದ ಮೈ ಲೆಕ್ಕದ್ದಲ್ಲ. ಸರ್ವೆಯಲ್ಲಿ ಅಳೆಯುವುದು ಮಟ್ಟದ ಅಳತೆ, ಮೇಲಿನಿಂದ ನೋಡಿದ ಹಾಗೆ. ಕರ್ಣ ಹತ್ತು ಅಡಿ ಇದ್ದರೆ ಪಾದ ಹತ್ತು ಅಡಿಗಿಂತ ಕಮ್ಮಿಯೇ ಇರಬೇಕಲ್ಲ.

ನನ್ನ ನಿಯಮ ನನಗೇ ತಿರುಗಿಸಿದಳು. "ಅಂದಾಜು ಹೇಳಿ ಅಜ್ಜ. ಎಷ್ಟು ಗಿಡ ವ್ಯತ್ಯಾಸ ಬರಬಹುದು?"

ಐದು, ಹೆಚ್ಚೆಂದರೆ ಹತ್ತು ಅಂದೆ. ಗುಡ್ಡ ಅಷ್ಟೇನೂ ಕಡಿದಾಗಿಲ್ಲ ಅನ್ನಿಸಿತ್ತು. ದಿನಾ ಹತ್ತಿ ಇಳಿಯುವ ಕಾಲಿಗೆ ಗೊತ್ತಾಗುವುದಿಲ್ಲ.

ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಟ್ಯೂಬು ಮನೆಯಲ್ಲಿತ್ತು. ಹತ್ತು ಅಡಿ ಹಗ್ಗದ ಎರಡು ತುದಿಗೆ ಹಿಡಿದು ಎತ್ತರದ ವ್ಯತ್ಯಾಸ ಅಳೆದೆವು. ಆರು ಕಡೆ ಅಳೆದು ಸರಾಸರಿ ತೆಗೆದಾಗ ನಾಲ್ಕೂವರೆ ಅಡಿ ಬಂತು. ಒದ್ದೆ ಕೈಯಲ್ಲೇ ಅವಳು ಬರೆದಳು. ಹತ್ತರ ವರ್ಗ 100. ನಾಲ್ಕೂವರೆಯ ವರ್ಗ 20.25. ಕಳೆದರೆ 79.75. ಅದರ ವರ್ಗಮೂಲ ಸುಮಾರು 8.93. ಅಂದರೆ ನಾವು ಹತ್ತು ಅಡಿ ಅಂದುಕೊಂಡಿದ್ದು ಪಹಣಿ ಲೆಕ್ಕದಲ್ಲಿ 8.93 ಅಡಿ ಮಾತ್ರ. ಒಂದು ಗಿಡಕ್ಕೆ 89.3 ಚದರ ಅಡಿ. 43,560ವನ್ನು 89.3ರಿಂದ ಭಾಗಿಸಿದಳು. 488 ಹತ್ತಿರ ಬಂತು.

488ರಲ್ಲಿ 450 ಕಳೆದರೆ 38. ಗುಂಡಿ ಉಳಿದಿದ್ದು 35.

"ಮೂರು ಎಲ್ಲಿ ಹೋಯ್ತು?" ಸಣ್ಣವನು ಕೇಳಿದ. ಯಾರೂ ಉತ್ತರ ಹೇಳುವ ಮೊದಲೇ ಹುಡುಕಲು ಓಡಿದ. ಹಲಸಿನ ಮರದ ಬುಡದಲ್ಲಿ ಒಂದು ಜಾಗ, ಮೇಲಿನ ಬಂಡೆಯ ಹತ್ತಿರ ಎರಡು. ಅಲ್ಲಿ ಗುಂಡಿ ತೆಗೆಯಲು ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ನರ್ಸರಿಗೆ ಫೋನ್ ಮಾಡಿ ಇನ್ನೂ 35 ಗಿಡ ಬೇಕು ಅಂದೆ. "ಏನ್ ರೈಟ್ರೇ, ಲೆಕ್ಕ ತಪ್ಪಿತಾ?" ಅಂತ ಕೇಳಿದರು. ಹೌದು, ನನ್ನದೇ ತಪ್ಪಿತ್ತು, ಒಬ್ಬಳು ಹುಡುಗಿ ಸರಿ ಮಾಡಿದಳು ಅಂದೆ. ಗಿಡ ಬುಧವಾರ ಬಂತು. ನಾಲ್ಕೂ ಜನ ಸೇರಿ ಮಳೆಯಲ್ಲೇ ನೆಟ್ಟೆವು.